ಮೇಜಿನ ಕೆಳಗಿನ ಕಂಪ್ಯೂಟರು ಮತ್ತು ನನ್ನ ಸೊಸೆಯ ಕಿವಿ

ನನ್ನ ಸೊಸೆಯನ್ನು ಅವಳ ಫ್ಯಾಕ್ಟರಿಯಲ್ಲಿ ಎಲ್ಲರೂ ಎಣ್ಣೆಯಕ್ಕ ಅಂತಲೇ ಕರೆಯುವುದು. ಅವಳು ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಅದು ಅಷ್ಟು ಸರಿ ಕಂಡಿರಲಿಲ್ಲ. "ಇದೇನೇ ಹೆಸರು, ಯಾರದೋ ತಲೆಗೆ ಎಣ್ಣೆ ತಿಕ್ಕೋಳ ಹಾಗೆ" ಅಂದಿದ್ದೆ. "ಹೌದು ಅತ್ತೆ, ದಿನಾ ಅದೇ ಕೆಲಸ. ಆದ್ರೆ ನಾನು ತಿಕ್ಕೋ ತಲೆಗಳಿಗೆ ಕೂದಲಿಲ್ಲ" ಅಂದಳು. ಹೊಲಿಗೆ ಮಿಷನ್ನಿನ ಮೇಲಿನ ಭಾಗಕ್ಕೆ ಅವರು ತಲೆ ಅನ್ನುತ್ತಾರಂತೆ. ಅವಳು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಮಿಷನ್ ರಿಪೇರಿ ಮಾಡುವವಳು. ಸೊಂಟಕ್ಕೆ ಒಂದು ಚೀಲ, ಅದರಲ್ಲಿ ಸ್ಕ್ರೂಡ್ರೈವರು, ಚಿಮಟ, ಉದ್ದ ಮೂತಿಯ ಎಣ್ಣೆ ಡಬ್ಬಿ. ಹೊಲಿಯುವ ಹೆಣ್ಣುಮಕ್ಕಳು ಸಾಲಾಗಿ ಕೂತಿರುವ ಲೈನುಗಳ ಮಧ್ಯೆ ಬೆಳಗಿನಿಂದ ಸಂಜೆಯ ತನಕ ಓಡಾಟ.

ಒಂದು ಸಲ ಅವಳ ಊಟದ ಡಬ್ಬಿ ಮನೆಯಲ್ಲೇ ಉಳಿದು, ಕೊಡೋಣ ಅಂತ ನಾನೇ ಹೋಗಿದ್ದೆ. ಕಾವಲಿನವನು ಒಳ್ಳೆಯವನು, ಬಾಗಿಲ ತನಕ ಬಿಟ್ಟ. ಅಬ್ಬಬ್ಬಾ, ಆ ಸದ್ದು! ತಗಡಿನ ಮಾಡಿನ ಮೇಲೆ ಆಲಿಕಲ್ಲು ಸುರಿದ ಹಾಗೆ. ಅದರ ನಡುವೆ ಇವಳು ಒಂದು ಹುಡುಗಿಯ ಬೆನ್ನ ಹಿಂದೆ ಕಣ್ಣು ಮುಚ್ಚಿ ನಿಂತಿದ್ದಳು. ಹುಡುಗಿ ಮಿಷನ್ನು ಓಡಿಸಿದಳು. ಇವಳು ಕಣ್ಣು ತೆರೆಯದೆಯೇ ತಲೆ ಅಲ್ಲಾಡಿಸಿ, ಕೆಳಗೆ ಕೈ ಹಾಕಿ, ಎಂಥದೋ ಎಳೆದು ತೆಗೆದಳು. ಉಗುರಿನಷ್ಟು ದಾರದ ತುಂಡು. ಹುಡುಗಿ ನಕ್ಕು ಮತ್ತೆ ಹೊಲಿಯತೊಡಗಿದಳು. ಸಂಜೆ ಕೇಳಿದೆ, "ಅಷ್ಟು ಗಲಾಟೆಯಲ್ಲಿ ನಿನಗೆ ಅದೊಂದೇ ಮಿಷನ್ನು ಹ್ಯಾಗೆ ಕೇಳಿಸಿತು?"

"ಸಂತೆಯಲ್ಲಿ ನಿಮ್ಮ ಮಗು ಅತ್ತರೆ ನಿಮಗೆ ಕೇಳ್ತಿರಲಿಲ್ಲವಾ ಅತ್ತೆ?" ಅಂದಳು.

ಅಷ್ಟೇ. ಅವಳ ಕೆಲಸವೆಲ್ಲ ಕಿವಿಯಲ್ಲೇ ಇತ್ತು. ಬೇರೆ ರಿಪೇರಿಯವರು ಮಿಷನ್ನು ಬಿಚ್ಚಿ ಹುಡುಕುತ್ತಿದ್ದರೆ ಇವಳು ಕೇಳಿ ಬಿಚ್ಚುತ್ತಿದ್ದಳು.

ಅವಳದೊಂದು ವೆಬ್‌ಸೈಟಿದೆ. ಅದರಲ್ಲಿ ಇರುವುದೆಲ್ಲ ಹೊಲಿಗೆ ಮಿಷನ್ನುಗಳ ಕಾಯಿಲೆಯ ಸದ್ದು. ಒಂದೊಂದು ಸದ್ದಿಗೂ ಒಂದು ಗುಂಡಿ. ಒತ್ತಿದರೆ ಮಿಷನ್ನು ಕೆಮ್ಮುತ್ತದೆ, ಗೊರಕೆ ಹೊಡೆಯುತ್ತದೆ, ಹಲ್ಲು ಕಡಿಯುತ್ತದೆ. ಕೆಳಗೆ ಇವಳು ಬರೆದಿರುತ್ತಾಳೆ: ನಿಮ್ಮ ಮಿಷನ್ನು ಹೀಗೆ ಸದ್ದು ಮಾಡಿದರೆ ಸೂಜಿ ಬಗ್ಗಿದೆ, ಮೊದಲು ಸೂಜಿ ಬದಲಿಸಿ; ಹೀಗೆ ಮಾಡಿದರೆ ಕೆಳಗಿನ ಬಾಬಿನ್ನಿನಲ್ಲಿ ಧೂಳು ಕೂತಿದೆ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ. ರಿಪೇರಿಯವರು ಸಿಗದ ಊರಿನಲ್ಲಿ ಮನೆಯಲ್ಲೇ ಹೊಲಿದು ಬದುಕುವವರು ಇರುತ್ತಾರಲ್ಲ, ಅವರಿಗೆ ಅಂತ ಮಾಡಿದ್ದು.

ಮೊದಲು ಅದನ್ನೆಲ್ಲ ಇಂಟರ್ನೆಟ್ಟಿನಲ್ಲಿ ಯಾರೋ ಪುಕ್ಕಟೆಯಾಗಿ ಕೊಡುತ್ತಿದ್ದ ಜಾಗದಲ್ಲಿ ಇಟ್ಟಿದ್ದಳು. ಒಂದು ದಿನ ಅವರು ಅಂಗಡಿ ಮುಚ್ಚಿಕೊಂಡು ಹೋದರು. ಇವಳ ಸದ್ದುಗಳೂ ಅವರ ಜೊತೆಗೇ ಹೋದವು. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ, ಯಾವುದೋ ಆಫೀಸಿನವರು ಹಳೆಯದೆಂದು ತೆಗೆದುಹಾಕಿದ ಕಂಪ್ಯೂಟರೊಂದನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಂದಳು. ನನ್ನ ಮಗ ಬಾಗಿಲಲ್ಲೇ ಸೊಂಟಕ್ಕೆ ಕೈ ಇಟ್ಟು ನಿಂತ. ಅವನು ಅಂಗಡಿಗಳ ಬೋರ್ಡು ಬರೆಯುವವನು, ಅವನ ಬಣ್ಣದ ಡಬ್ಬಿಗಳಿಗೇ ಮನೆಯಲ್ಲಿ ಜಾಗ ಸಾಲದು.

"ಇದನ್ನ ಎಲ್ಲಿಡ್ತೀಯಾ? ನನ್ನ ತಲೆ ಮೇಲಾ?"

"ನಿಮ್ಮ ತಲೆ ಮೇಲೆ ಇಟ್ರೆ ಬಿದ್ದು ಒಡೆಯುತ್ತೆ. ನನ್ನ ಹೊಲಿಗೆ ಮೇಜಿನ ಕೆಳಗೆ ಇಡ್ತೀನಿ" ಅಂದಳು. "ಬೇರೆಯವರ ಮನೇಲಿ ಇಟ್ರೆ ಯಾವಾಗ ಖಾಲಿ ಮಾಡಿ ಅಂತಾರೋ ಗೊತ್ತಿಲ್ಲ. ನಮ್ಮನೇಲೇ ಇರ್ಲಿ."

ಸದ್ದುಗಳನ್ನೆಲ್ಲ ಮೊದಲಿನಿಂದ ಮತ್ತೆ ಹಿಡಿದು ತುಂಬಿದಳು. ಹಾಗೆ ಆ ವೆಬ್‌ಸೈಟು ನಮ್ಮ ಮನೆಗೆ ಬಂತು. ಇಂಟರ್ನೆಟ್ಟು ಅಂದರೆ ಎಲ್ಲೋ ಮೋಡದ ಹಾಗೆ ಮೇಲಿರುತ್ತದೆ ಅಂದುಕೊಂಡಿದ್ದವಳು ನಾನು. ನನ್ನ ಕಾಲ ಬುಡದಲ್ಲೇ, ಬಟ್ಟೆ ಚೂರಿನ ಬುಟ್ಟಿಯ ಪಕ್ಕದಲ್ಲಿ ಕೂತಿರಬಹುದು ಅಂತ ಯಾರಿಗೆ ಗೊತ್ತು? ಎಲ್ಲೋ ದೂರದಲ್ಲಿ ಯಾರೋ ಗುಂಡಿ ಒತ್ತಿದರೆ ನಮ್ಮ ಮನೆಯ ಪೆಟ್ಟಿಗೆಯಿಂದಲೇ ಸದ್ದು ಹೋಗಬೇಕು. ಹಾಗಾಗಿ ಅದನ್ನು ಹಗಲೂ ರಾತ್ರಿ ಆರಿಸುವ ಹಾಗಿಲ್ಲ. ಕರೆಂಟು ಹೋದರೆ ವೆಬ್‌ಸೈಟಿನ ಬಾಗಿಲೂ ಮುಚ್ಚಿತು. ಅದಕ್ಕೊಂದು ಬ್ಯಾಟರಿ ತಂದಿಟ್ಟಳು. ಕರೆಂಟು ಹೋದ ಕೂಡಲೇ ಅದು ಕೋಳಿಮರಿಯ ಹಾಗೆ ಕುಂಯ್ ಕುಂಯ್ ಅನ್ನುತ್ತದೆ. ಇನ್ನೊಂದು ವಿಷಯ ಹೇಳಿದಳು: ಮನೆಗೆ ಬಾಗಿಲ ನಂಬರು ಇರುವ ಹಾಗೆ ಇಂಟರ್ನೆಟ್ಟಿನ ಲೈನಿಗೂ ಒಂದು ನಂಬರು ಇದೆ, ಆದರೆ ನಮ್ಮಂಥವರ ಲೈನಿನ ನಂಬರನ್ನು ಕಂಪೆನಿಯವರು ಆಗಾಗ ಬದಲಿಸುತ್ತಿರುತ್ತಾರೆ. ಬದಲಾದ ಕೂಡಲೇ "ನಾವೀಗ ಈ ನಂಬರಿನಲ್ಲಿದ್ದೇವೆ" ಅಂತ ಹೊರಗೆ ಹೇಳಿಬರಲು ಒಂದು ಏರ್ಪಾಡು ಮಾಡಿದ್ದಳು. ಯಾವ ಮನೆಯ ನಂಬರನ್ನು ಹೀಗೆ ಬದಲಿಸುತ್ತಾರೆ, ಪೋಸ್ಟಿನವನ ಗತಿಯೇನು ಅಂತ ನಾನು ಕೇಳಿದ್ದಕ್ಕೆ ಗಂಡ ಹೆಂಡತಿ ಇಬ್ಬರೂ ಸೇರಿ ನಕ್ಕರು.

ಅವಳು ಈ ಪೆಟ್ಟಿಗೆಯನ್ನು ನೋಡಿಕೊಂಡ ರೀತಿ ನೋಡಬೇಕು. ಕೆಲಸದಿಂದ ಬಂದವಳು ಚಪ್ಪಲಿ ಬಿಟ್ಟು, ಕೈ ತೊಳೆದು, ಮೊದಲು ಬಗ್ಗಿ ಅದರ ದೀಪ ನೋಡುವಳು. ಆಮೇಲೆ ನನ್ನ ಮುಖ. "ಅದಕ್ಕೆ ಕುಡಿಯೋಕೆ ಏನಾದ್ರೂ ಕೊಟ್ಟೆಯಾ?" ಅಂತ ಮಗ ಚುಡಾಯಿಸುವನು. "ಕೊಟ್ಟೆ. ನಿಮ್ಮ ಪಾಲಿನ ಟೀನೇ ಕೊಟ್ಟೆ" ಅನ್ನುವಳು.

ಇಷ್ಟು ಹೇಳಿದ್ದು ಯಾಕೆಂದರೆ, ಮುಂದಿನದು ಶುರುವಾದದ್ದು ಆ ಪೆಟ್ಟಿಗೆಯಿಂದಲೇ.

ಚಳಿ ಮುಗಿಯುತ್ತಾ ಬಂದಿತ್ತು. ಸೊಸೆ ಹೊಸ ಫೋನು ತೆಗೆದುಕೊಂಡು, ಅದರಲ್ಲಿ ಧ್ವನಿ ಚೆನ್ನಾಗಿ ಹಿಡಿಯುತ್ತದೆಂದು ಹಳೆಯ ಸದ್ದುಗಳನ್ನೆಲ್ಲ ತೆಗೆದು ಹೊಸದಾಗಿ ತುಂಬುತ್ತಿದ್ದಳು. ಎಲ್ಲಕ್ಕಿಂತ ಮೊದಲು ತುಂಬಿದ್ದು ಒಳ್ಳೆಯ ಮಿಷನ್ನಿನ ಸದ್ದು. ಅವಳ ಸೈಟಿನಲ್ಲಿ ಅದು ಎಲ್ಲದರ ಮೇಲೆ ಇರುತ್ತದೆ, 'ಆರೋಗ್ಯವಾಗಿರುವ ಮಿಷನ್ನು ಹೀಗಿರಬೇಕು' ಅಂತ. ಅದನ್ನು ಕೇಳಿ, ತಮ್ಮದನ್ನು ಕೇಳಿ, ಎರಡೂ ಒಂದೇ ಥರ ಇದೆಯಾ ಅಂತ ಜನ ತಾಳೆ ನೋಡುತ್ತಾರೆ. ನಮ್ಮ ಮನೆಯ ಮಿಷನ್ನನ್ನೇ ಓಡಿಸಿ, ಪಕ್ಕದಲ್ಲಿ ಫೋನಿಟ್ಟು ಹಿಡಿದಿದ್ದಳು.

ಒಂದು ವಾರ ಕಳೆದಿರಬೇಕು. ದೂರದ ಊರಿನ ಒಬ್ಬ ದರ್ಜಿ ಹೆಂಗಸು ಬರೆದಳು. ಸೊಸೆ ಟೀ ಕುಡಿಯುತ್ತಾ ನನಗೆ ಓದಿ ಹೇಳಿದಳು. "ಅಕ್ಕಾ, ನಿಮ್ಮ ಒಳ್ಳೆಯ ಮಿಷನ್ನಿನಲ್ಲಿ ಸಣ್ಣಗೆ ಒಂದು ಕೀರಲು ಸದ್ದು ಬರುತ್ತದೆ. ನನ್ನ ಮಿಷನ್ನಿನಲ್ಲಿ ಅದು ಬರುತ್ತಿಲ್ಲ. ಎರಡು ಸಲ ಬಿಚ್ಚಿ ನೋಡಿದೆ. ನನ್ನದರಲ್ಲಿ ಏನಾದರೂ ಕಡಿಮೆಯಾಗಿದೆಯೇ?"

ಸೊಸೆ ನಕ್ಕಳು. "ಪಾಪ, ಅವಳ ಫೋನಿನದ್ದಿರಬೇಕು." ಆದರೂ ಸದ್ದನ್ನು ಮತ್ತೆ ಹಾಕಿ ಕೇಳಿದಳು. ಕಿವಿಗೆ ಸಿಕ್ಕಿಸಿಕೊಳ್ಳುತ್ತಾಳಲ್ಲ, ಅದನ್ನು ಹಾಕಿಕೊಂಡೇ ಕೇಳಿದ್ದು, ಹಾಗಾಗಿ ನನಗೆ ಕೇಳಿಸಲಿಲ್ಲ. "ಏನೂ ಇಲ್ಲ. ಬೆಣ್ಣೆ ಥರ ಓಡ್ತಿದೆ" ಅಂದಳು. ಹಾಗೇ ಬರೆದು ಕಳಿಸಿದಳು.

ಆಮೇಲೆ ಇನ್ನೊಬ್ಬರು ಬರೆದರು. ಮತ್ತೊಬ್ಬರು. ಆ ಮತ್ತೊಬ್ಬನಿಗೆ ನಾಲಿಗೆ ಸ್ವಲ್ಪ ಉದ್ದ. "ಊರಿಗೆಲ್ಲ ಎಣ್ಣೆ ಹಾಕಿ ಅಂತ ಹೇಳುವವರ ಮನೆಯಲ್ಲಿ ಎಣ್ಣೆ ಖಾಲಿಯೇ?" ಅಂತ ಕೇಳಿದ್ದ. ಸೊಸೆಯ ಮುಖ ಕೆಂಪಗಾಯಿತು. ಮಿಷನ್ನನ್ನು ಪೂರ್ತಿ ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು, ಮತ್ತೆ ಜೋಡಿಸಿ, ಹೊಸದಾಗಿ ಸದ್ದು ಹಿಡಿದು ಹಾಕಿದಳು. ಆ ನಾಲಿಗೆ ಉದ್ದದವನು ಮರುದಿನವೇ ಬರೆದ: "ಎಣ್ಣೆ ಹಾಕಿದ್ದೇನೆ ಅಂತೀರಿ, ಇಲಿ ಇನ್ನೂ ಕಿರುಚುತ್ತಲೇ ಇದೆ."

"ಬೇಕಂತಲೇ ಆಡ್ಕೊಳ್ತಿದಾರೆ ಅತ್ತೆ" ಅಂದಳು. "ಹೆಂಗಸು ಮಿಷನ್ ರಿಪೇರಿ ಮಾಡ್ತಾಳೆ ಅಂದ್ರೆ ಕೆಲವರಿಗೆ ಹೊಟ್ಟೇಲಿ ಬೆಂಕಿ. ಎಲ್ಲ ಸೇರ್ಕೊಂಡು ಒಂದೇ ರಾಗ ಹಾಡ್ತಾರೆ."

"ಆ ದರ್ಜಿ ಹೆಂಗಸೂ ಸೇರಿಕೊಂಡಿದಾಳಾ?" ಅಂದೆ.



ಭಾನುವಾರ ಮಧ್ಯಾಹ್ನ. ಮಗ ಹಿತ್ತಿಲಲ್ಲಿ ಬ್ರಷ್ಷುಗಳನ್ನು ತೊಳೆಯುತ್ತಿದ್ದ. ನಾನು ಕಿಟಕಿಯ ಹತ್ತಿರ ಕೂತು ಗುಂಡಿ ಕಿತ್ತ ಅಂಗಿಗಳಿಗೆ ಗುಂಡಿ ಹಾಕುತ್ತಿದ್ದೆ. ಸೊಸೆ ಮೇಜಿನ ಮುಂದೆ ಬಂದು ನಿಂತು, "ಸಾಕು. ಇದನ್ನ ಆರಿಸಿಬಿಡ್ತೀನಿ. ನಾನ್ಯಾಕೆ ಊರವರ ಬಾಯಿಗೆ ಬೀಳ್ಲಿ?" ಅಂತ ಬಗ್ಗಿದಳು.

"ತಡಿಯೇ. ಆ ಸದ್ದು ನನಗೂ ಒಂದು ಸಲ ಕೇಳಿಸು. ಯಾರು ಸರಿ ಅಂತ ನಾನು ಹೇಳ್ತೀನಿ" ಅಂದೆ.

ನನಗೆ ಅಂಥ ಓದು ಇಲ್ಲ, ಕೂಡಿಸಿ ಕೂಡಿಸಿ ಓದುವವಳು. ಆದರೆ ಕಿವಿ ಚೆನ್ನಾಗಿದೆ. ಪಕ್ಕದ ಮನೆಯಲ್ಲಿ ಹಾಲು ಉಕ್ಕುವ ಮೊದಲು ನಾನು ಇಲ್ಲಿಂದ ಕೂಗು ಹಾಕುತ್ತೇನೆ ಅಂತ ಮಗ ತಮಾಷೆ ಮಾಡುತ್ತಾನೆ.

ಫೋನಿನಲ್ಲಿ ಜೋರಾಗಿ ಹಾಕಿದಳು. ಮಿಷನ್ನು ಓಡಿತು. ಅದರ ಹಿಂದೆ, ಕೂದಲೆಳೆಯಷ್ಟು ತೆಳ್ಳಗೆ, ಕೀ... ಅಂತ ಒಂದು ಸದ್ದು. ಕೊನೆಯಲ್ಲಿ ಮಿಷನ್ನು ನಿಂತಿತು. ಆ ಸದ್ದು ನಿಲ್ಲಲಿಲ್ಲ.

"ಇದೆಯಲ್ಲಮ್ಮಾ" ಅಂದೆ. "ಕೀ ಅಂತಿದೆ. ಆದ್ರೆ ಅದು ಮಿಷನ್ನಿಂದಲ್ಲ. ಮಿಷನ್ನು ನಿಂತ ಮೇಲೂ ಬರ್ತಿದೆ. ಇದು ನಿನ್ನ ಕಂಪ್ಯೂಟರಿಂದು. ಈಗಲೂ ಮಾಡ್ತಾ ಇದೆ ನೋಡು ಕೆಳಗೆ."

ಅವಳು ನನ್ನನ್ನೇ ನೋಡಿದಳು. "ಈಗ?"

"ಈಗ. ಚಳಿ ಶುರುವಾದಾಗಿಂದ ಮಾಡ್ತಿದೆ. ಅದು ಉಸಿರಾಡೋದೇ ಹಾಗೆ ಅಂದ್ಕೊಂಡಿದ್ದೆ."

ನನ್ನ ಸೊಸೆ ಕೆಲಸಗಾತಿ. ಇನ್ನೊಬ್ಬಳಾಗಿದ್ದರೆ ಅಲ್ಲೇ ಕುಸಿದು ಕೂರುತ್ತಿದ್ದಳೋ ಏನೋ. ಅವಳು ನನ್ನ ಕುರ್ಚಿಯನ್ನು ತಂದು ಮೇಜಿನ ಪಕ್ಕ ಹಾಕಿದಳು. "ಅತ್ತೆ, ಆ ಕಡೆ ತಿರುಗಿ ಕೂತ್ಕೊಳ್ಳಿ. ಕೀ ಅಂತ ಕೇಳಿದಾಗ ಬೆರಳು ಎತ್ತಿ. ನಿಂತಾಗ ಇಳಿಸಿ. ನನ್ನ ಮುಖ ನೋಡಬೇಡಿ" ಅಂದಳು. ನಾನು ಗೋಡೆಯ ಕಡೆ ತಿರುಗಿ ಕೂತೆ. ಬೆರಳು ಎತ್ತಿಕೊಂಡೇ ಇದ್ದೆ. ಅವಳು ಕಂಪ್ಯೂಟರನ್ನು ಆರಿಸಿದಳು. ಸದ್ದು ನಿಧಾನವಾಗಿ ಸತ್ತಿತು, ಬೆರಳು ಇಳಿಸಿದೆ. ಮತ್ತೆ ಹಚ್ಚಿದಳು, ಬೆರಳು ಎತ್ತಿದೆ. ಹೀಗೆ ಎಷ್ಟು ಸಲವೋ. ಒಮ್ಮೆ ಮೋಸ ಮಾಡಲು ನೋಡಿದಳು, ಸುಮ್ಮನೆ ಗುಂಡಿ ಕಟಕ್ ಅನ್ನಿಸಿ ಆರಿಸದೆ ಬಿಟ್ಟಳು. ನಾನು ಬೆರಳು ಇಳಿಸಲಿಲ್ಲ.

ನೋಡಬೇಡಿ ಅಂದಿದ್ದಳು, ಆದರೂ ತಿರುಗಿದೆ. ನೆಲದ ಮೇಲೆ ಕೂತು ಪೆಟ್ಟಿಗೆಗೆ ಕಿವಿ ಆನಿಸಿಕೊಂಡಿದ್ದಳು, ಮಗುವಿನ ಎದೆಗೆ ಕಿವಿ ಇಡುವ ಹಾಗೆ.

"ನನಗೆ ಬರೀ ಗುಂಯ್ ಅಂತ ಕೇಳ್ತಿದೆ ಅತ್ತೆ" ಅಂದಳು. "ಬರೀ ಗುಂಯ್."

ಆಮೇಲೆ ಪೆಟ್ಟಿಗೆಯ ಪಕ್ಕದ ತಗಡನ್ನು ಬಿಚ್ಚಿದಳು. ಒಳಗೊಂದು ಪುಟ್ಟ ಫ್ಯಾನು. ಕಂಪ್ಯೂಟರು ಕಾಯದ ಹಾಗೆ ಗಾಳಿ ಹಾಕುವುದಕ್ಕಂತೆ. ಅದರ ತುಂಬ ನಮ್ಮದೇ ಮನೆಯ ಬಟ್ಟೆಯ ಜೂಲು. ಹೊಲಿಯುವ ಮೇಜಿನ ಕೆಳಗೆ ಇಟ್ಟರೆ ಇನ್ನೇನಾಗುತ್ತದೆ? ಹತ್ತಿಯ ಎಳೆಗಳು, ಬಣ್ಣಬಣ್ಣದ ದಾರದ ಚೂರುಗಳು ಒಳಗೆ ಹೋಗಿ ಫ್ಯಾನಿನ ಕಡ್ಡಿಗೆ ಸುತ್ತಿಕೊಂಡು ಉಂಡೆಯಾಗಿದ್ದವು. ಇಂಥ ಉಂಡೆಗಳನ್ನು ದಿನಕ್ಕೆ ಹತ್ತು ತೆಗೆಯುವವಳು ಅವಳು. ಚಿಮಟದಲ್ಲಿ ಒಂದೊಂದೇ ಎಳೆ ಎಳೆದಳು. ನನ್ನ ಮಗನ ಹಸಿರು ಅಂಗಿಯ ದಾರವೂ ಸಿಕ್ಕಿತು. ಎಣ್ಣೆ ಡಬ್ಬಿಯ ಮೂತಿಯಿಂದ ಒಂದೇ ಒಂದು ಹನಿ ಬಿಟ್ಟು, ಹೆಚ್ಚಾದದ್ದನ್ನು ಬಟ್ಟೆಯಲ್ಲಿ ಒರೆಸಿ, ಹಚ್ಚಿದಳು.

"ಈಗ?"

"ಇಲ್ಲ. ನಿಂತಿತು."

"ಇನ್ನು ಸ್ವಲ್ಪ ದಿನ ಬಿಟ್ಟಿದ್ರೆ ಫ್ಯಾನು ಕಚ್ಕೊಂಡು ನಿಂತು, ಕಂಪ್ಯೂಟರು ಸುಟ್ಟೇ ಹೋಗ್ತಿತ್ತು" ಅಂದಳು. "ಎಲ್ಲ ಸದ್ದೂ ಹೋಗ್ತಿತ್ತು. ಇನ್ನೆಲ್ಲೂ ಇಟ್ಟಿರಲಿಲ್ಲ." ಕೈಯಲ್ಲಿ ಇನ್ನೂ ಚಿಮಟ ಇತ್ತು. "ಮೊನ್ನೆ ಲೈನಿನಲ್ಲಿ ಒಂದು ಮಿಷನ್ನು ಸರಿಯಿದೆ ಅಂತ ಹೇಳಿ ಹೋದೆ ಅತ್ತೆ. ಸಂಜೆ ಸೂಜಿ ಮುರಿದು ಹಾರಿತು. ಆ ಹುಡುಗಿಯ ಕಣ್ಣಿನ ಪಕ್ಕಕ್ಕೆ ತಗಲಿ ಗೀರಾಯಿತು. ಸೂಜಿ ಒಳಗೆ ಉಜ್ಜುತ್ತಿದ್ರೆ ಟಿಕ್ ಟಿಕ್ ಅಂತ ಸಣ್ಣ ಸದ್ದು ಬರುತ್ತೆ, ನನಗೆ ಗೊತ್ತಾಗದೆ ಇರಲ್ಲ. ಅವತ್ತು ಅದು ಕೇಳಿಸಲೇ ಇಲ್ಲ, ಹಾಗಾಗಿ ಆ ಹುಡುಗೀನೇ ಬಟ್ಟೆ ಎಳೆದಿರ್ಬೇಕು ಅಂತ ಬೈದು ಬಂದೆ."

ನಾನು ಅವಳ ತಲೆಯ ಮೇಲೆ ಕೈ ಇಟ್ಟೆ. ಕೂದಲಲ್ಲೂ ಜೂಲು ಇತ್ತು, ಅದನ್ನು ತೆಗೆಯುತ್ತಾ ಕೂತೆ.

ಕಿವಿಯ ಡಾಕ್ಟರು ಅವಳನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಹೆಂಗಸು ಡಾಕ್ಟರು, ಬಿಡಿಸಿ ಹೇಳಿದರು. "ದಪ್ಪ ಸದ್ದುಗಳು, ಮಾತು, ಎಲ್ಲ ಚೆನ್ನಾಗೇ ಕೇಳುತ್ತೆ. ಅದಕ್ಕೇ ಗೊತ್ತಾಗಿಲ್ಲ. ಮೇಲಿನ ತೆಳು ಸದ್ದುಗಳು ಹೋಗಿವೆ. ವರ್ಷಗಟ್ಟಲೆ ಗದ್ದಲದಲ್ಲಿ ನಿಂತದ್ದಕ್ಕೆ ಹೀಗಾಗಿದೆ. ಹೋದದ್ದು ಬರಲ್ಲಮ್ಮ. ಇರೋದನ್ನ ಉಳಿಸ್ಕೊಳ್ಳಿ. ಒಳ್ಳೆ ಹೊತ್ತಿಗೆ ಬಂದಿದೀರಿ. ಯಾರು ಹೇಳಿ ಕಳಿಸಿದ್ದು?"

"ಒಬ್ಬಳು ದರ್ಜಿ" ಅಂದಳು ಸೊಸೆ. "ಮುಖ ನೋಡಿಲ್ಲ."

ಮನೆಗೆ ಬಂದ ಮೇಲೆ ಇನ್ನೊಂದು ರಾದ್ಧಾಂತ. ಅವಳು ಕಂಪ್ಯೂಟರಿನ ಮುಂದೆ ಕೂತು ಬರೆಯತೊಡಗಿದಳು. ಮಗ ಬೆನ್ನ ಹಿಂದೆ ನಿಂತು ಓದಿದ. ಬರೆದದ್ದು ಇಷ್ಟು: "ನನಗೆ ತೆಳುವಾದ ಸದ್ದುಗಳು ಕೇಳಿಸುವುದಿಲ್ಲ. ಇದು ನನಗೆ ಈಗ ತಿಳಿಯಿತು. ಕೀರಲು ಇದೆ ಎಂದವರೆಲ್ಲ ಸರಿಯಾಗಿಯೇ ಹೇಳಿದ್ದೀರಿ. ಅದು ಈ ವೆಬ್‌ಸೈಟು ಇರುವ ಕಂಪ್ಯೂಟರಿನ ಫ್ಯಾನಿನದು. ಹೊಸದಾಗಿ ಹಾಕಿದ ಸದ್ದುಗಳನ್ನು ತೆಗೆದಿದ್ದೇನೆ. ಯಾರೂ ಅವನ್ನು ನಂಬಿ ಮಿಷನ್ನು ಬಿಚ್ಚಬೇಡಿ."

"ನಿನಗೇನು ತಲೆ ಕೆಟ್ಟಿದೆಯಾ?" ಅಂದ ಮಗ. "ಊರವರ ಅಂಗಡಿಗೆ ಬೋರ್ಡು ಬರೆಯೋನು ನಾನು. ನೀನು ನಿನ್ನ ಮೇಲೇ ಬೋರ್ಡು ಬರ್ಕೊಳ್ತೀಯಾ? ನಿಮ್ಮ ಫ್ಯಾಕ್ಟರಿಯವರೂ ಇದನ್ನ ನೋಡ್ತಾರೆ. ಕಿವಿ ಕೇಳದ ರಿಪೇರಿಯವಳನ್ನ ಯಾರು ಇಟ್ಕೊಳ್ತಾರೆ? ಸದ್ದು ತೆಗೆದುಬಿಡು, ಸಾಕು. ಕಾರಣ ಯಾಕೆ ಹೇಳ್ಬೇಕು?"

"ಕೇಳಿದವರಿಗೆಲ್ಲ ಏನೂ ಇಲ್ಲ, ಸರಿಯಿದೆ ಅಂತ ನಾನೇ ಬರೆದಿದೀನಲ್ಲ? ಆ ದರ್ಜಿ ತನ್ನ ಒಳ್ಳೆ ಮಿಷನ್ನನ್ನ ಎರಡು ಸಲ ಬಿಚ್ಚಿದಾಳೆ."

"ಅವಳು ಎಲ್ಲಿದಾಳೋ ಏನೋ!"

"ಆ ಹುಡುಗಿ ಇಲ್ಲೇ ಇದಾಳೆ. ಕಣ್ಣಿನ ಪಕ್ಕ ಪಟ್ಟಿ ಹಾಕ್ಕೊಂಡು ಕೆಲಸಕ್ಕೆ ಬರ್ತಿದಾಳೆ."

ಮಗ ನನ್ನ ಕಡೆ ತಿರುಗಿದ. "ಅಮ್ಮಾ, ನೀನಾದ್ರೂ ಹೇಳು."

ನಾನು ಹೇಳಿದೆ, "ಅವಳ ಕೆಲಸ ಹೋದ್ರೆ ಕಷ್ಟ, ನಿಜ. ಆದ್ರೆ ನಾಳೆ ಇನ್ನೊಂದು ಸೂಜಿ ಹಾರಿದ್ರೆ ಅವಳು ನಮ್ಮ ಮನೇಲಿ ನೆಟ್ಟಗೆ ಕೂತು ಊಟ ಮಾಡಲ್ಲ. ಅದನ್ನ ದಿನಾ ನೋಡೋದಕ್ಕಿಂತ ಈ ಕಷ್ಟ ವಾಸಿ ಕಣೋ." ಅವನು ಹೊರಗೆ ಹೋಗಿ ಬ್ರಷ್ಷು ತೊಳೆಯತೊಡಗಿದ. ತೊಳೆದಿದ್ದ ಬ್ರಷ್ಷುಗಳನ್ನೇ ಮತ್ತೆ ತೊಳೆದ.

ಅವಳು ಅದನ್ನು ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಹಾಕಿದಳು. "ಈಗ ಹಾಕಿದ್ರೆ ದಾರೀಲಿ ಮನಸ್ಸು ಬದಲಿಸೋಕೆ ಆಗಲ್ಲ" ಅಂದಳು. ಫ್ಯಾಕ್ಟರಿಗೆ ಹೋದವಳು ಮೊದಲು ಆ ಹುಡುಗಿಯ ಹತ್ತಿರ ಹೋಗಿ, "ತಪ್ಪು ನಿಂದಲ್ಲ, ನನ್ನ ಕಿವೀದು" ಅಂದಳಂತೆ. ಹುಡುಗಿ ಗಾಬರಿಯಾಗಿ ಎದ್ದು ನಿಂತುಬಿಟ್ಟಳಂತೆ. ಆಮೇಲೆ ಸೂಪರ್‌ವೈಸರನ ಕೋಣೆ. ಅಲ್ಲಿ ನಡೆದ ಮಾತನ್ನು ಅವಳು ನನಗೆ ಎಷ್ಟು ಸಲ ಹೇಳಿದ್ದಾಳೆಂದರೆ ನಾನೇ ಅಲ್ಲಿದ್ದ ಹಾಗಿದೆ.

"ಎಣ್ಣೆಯಕ್ಕಾ, ನೀನು ಹೇಳದೇ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲವಲ್ಲ?" ಅಂದನಂತೆ ಅವನು.

"ಅದಕ್ಕೇ ಹೇಳ್ತಿರೋದು ಸರ್."

"ಈಗ ನಾನೇನು ಮಾಡ್ಲಿ? ಹೇಳಿ ನನ್ನ ತಲೆ ಮೇಲೆ ಹಾಕಿಬಿಟ್ಟೆಯಲ್ಲ."

"ನಿಮ್ಮ ತಲೆ ನನಗಿಂತ ಗಟ್ಟಿ ಸರ್."

ಅವನಿಗೆ ನಗು ಬಂತಂತೆ, ಆದರೆ ನಗಲಿಲ್ಲವಂತೆ. ಮೇಲಿನವರ ಹತ್ತಿರ ಕೇಳಿ ಹೇಳುತ್ತೇನೆ, ಅಲ್ಲಿಯ ತನಕ ಮನೆಯಲ್ಲಿರು ಅಂದ. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ. ಮಗನಂತೂ ಹೆಂಡತಿಯ ಸುತ್ತ ಬೆಕ್ಕಿನ ಹಾಗೆ ಓಡಾಡಿದ. ಒಂದು ಬೆಳಿಗ್ಗೆ ನೋಡುತ್ತೇನೆ, ಮೇಜಿನ ಕೆಳಗಿದ್ದ ಕಂಪ್ಯೂಟರನ್ನು ಎತ್ತಿ, ತನ್ನ ಬಣ್ಣದ ಡಬ್ಬಿಗಳ ಹಲಗೆಯನ್ನು ಖಾಲಿ ಮಾಡಿ ಅಲ್ಲಿಟ್ಟಿದ್ದಾನೆ. ಡಬ್ಬಿಗಳೆಲ್ಲ ಮಂಚದ ಕೆಳಗೆ. "ಅಲ್ಲಿ ಜೂಲು ಹೋಗಲ್ಲ" ಅಂದ, ಯಾರೂ ಕೇಳದಿದ್ದರೂ. ಅವಳು ಅವನನ್ನು ನೋಡಿದಳು. "ನಿಮ್ಮ ತಲೆ ಮೇಲೆ ಬೇಡ ಅಂದಿದ್ದೆ, ತಲೆಯಷ್ಟೆತ್ತರಕ್ಕೆ ಇಟ್ಟಿದೀರಿ" ಅಂದಳು. ಎಷ್ಟೋ ದಿನದ ಮೇಲೆ ಇಬ್ಬರೂ ನಕ್ಕರು. ಅದೇ ದಿನ ಸದ್ದುಗಳನ್ನೆಲ್ಲ ಇನ್ನೊಂದು ಪುಟ್ಟ ಡಬ್ಬಿಯಂಥದ್ದರಲ್ಲಿ ನಕಲು ಮಾಡಿ, ನನ್ನ ಸೀರೆಗಳ ಮಧ್ಯೆ ಇಟ್ಟಳು. "ಇದು ನಿಮ್ಮ ಜವಾಬ್ದಾರಿ ಅತ್ತೆ" ಅಂದಳು.

ಫ್ಯಾಕ್ಟರಿಯಿಂದ ಕರೆ ಬಂತು. ಲೈನಿನ ಕೆಲಸ ಇನ್ನಿಲ್ಲ. ಕೆಟ್ಟ ಮಿಷನ್ನುಗಳನ್ನು ತಂದಿಟ್ಟು ಪೂರ್ತಿ ಬಿಚ್ಚಿ ಮಾಡುವ ರಿಪೇರಿ ಕೋಣೆ ಹಿಂಭಾಗದಲ್ಲಿದೆ, ಅಲ್ಲಿ ಗದ್ದಲವಿಲ್ಲ, ಅಲ್ಲಿಗೆ ಹಾಕಿದ್ದೇವೆ. ಮಾಡಿ ಮುಗಿಸಿದ ಮಿಷನ್ನನ್ನು ಇನ್ನೊಬ್ಬರು ಕೇಳಿ ನೋಡಿದ ಮೇಲೆಯೇ ಲೈನಿಗೆ ಕಳಿಸುವುದು. ನಮಗೆಲ್ಲ ಹೋದ ಜೀವ ಬಂದ ಹಾಗಾಯಿತು. ಆದರೆ ಅವಳು ಆ ಸಂಜೆ ಅತ್ತಳು. ಲೈನಿನ ಈ ತುದಿಯಿಂದ ಆ ತುದಿಗೆ ಹುಡುಗಿಯರು ಕೈಯೆತ್ತಿ ಎಣ್ಣೆಯಕ್ಕಾ ಅಂತ ಕೂಗುವುದು, ಇವಳು ಓಡುವುದು, ಅದು ಅವಳ ಸುಖವಾಗಿತ್ತು. ಅದು ಹೋಯಿತು. ಅದಕ್ಕೆ ಬದಲು ಇಲ್ಲ, ನಾನೂ ಸಮಾಧಾನದ ಸುಳ್ಳು ಹೇಳಲಿಲ್ಲ. ಈಗ ಊಟದ ಹೊತ್ತಿಗೆ ಹುಡುಗಿಯರು ಡಬ್ಬಿ ಹಿಡಿದುಕೊಂಡು ಆ ಕೋಣೆಗೇ ಬರುತ್ತಾರಂತೆ. ಕಣ್ಣಿನ ಪಕ್ಕ ಗೀರಾದವಳೇ ಮುಂದೆ. ಆ ಹುಡುಗಿಯೇ ಹಟ ಹಿಡಿದು, ಗದ್ದಲ ತಡೆಯಲು ಕಿವಿಗೆ ಇಟ್ಟುಕೊಳ್ಳುವ ಬೆಣೆಯನ್ನು ಫ್ಯಾಕ್ಟರಿಯವರಿಂದ ಎಲ್ಲರಿಗೂ ಕೊಡಿಸಿದಳಂತೆ.

ವೆಬ್‌ಸೈಟಿಗೆ ಬಂದ ಉತ್ತರಗಳನ್ನು ಸೊಸೆ ನನಗೆ ಒಂದೊಂದಾಗಿ ಓದಿ ಹೇಳಿದಳು. ಆ ನಾಲಿಗೆ ಉದ್ದದವನು, "ಇಲಿ ಅಂದದ್ದಕ್ಕೆ ಕ್ಷಮಿಸಿ. ನಾನೂ ಮೂವತ್ತು ವರ್ಷ ಮಗ್ಗದ ಪಕ್ಕ ಕೂತವನು, ನಾಳೆ ನಾನೂ ಕಿವಿ ತೋರಿಸುತ್ತೇನೆ" ಅಂತ ಬರೆದಿದ್ದ. ದರ್ಜಿ ಹೆಂಗಸು ಸಣ್ಣದಾಗಿ ಬರೆದಿದ್ದಳು: "ಅಕ್ಕಾ, ನನ್ನ ಮಿಷನ್ನು ಸರಿಯಿದೆ ಅಂತ ಕೇಳಿ ಖುಷಿಯಾಯಿತು. ನಿಮಗೆ ಹೀಗಾಯಿತಲ್ಲ ಅಂತ ಬೇಜಾರೂ ಆಯಿತು. ಸೈಟು ಮುಚ್ಚಬೇಡಿ." ಆ ತಾಯಿಯ ಊರು ಯಾವುದು, ವಯಸ್ಸೆಷ್ಟು, ನಮಗೇನೂ ಗೊತ್ತಿಲ್ಲ. ತನ್ನ ಮಿಷನ್ನಿನಲ್ಲೇ ಏನೋ ಕಡಿಮೆಯಾಗಿದೆ ಅಂದುಕೊಂಡು ವಿನಯದಿಂದ ಕೇಳಿದಳಲ್ಲ, ಅವಳು ಹಾಗೆ ಕೇಳದೆ ಸುಮ್ಮನಿದ್ದಿದ್ದರೆ ನನ್ನ ಸೊಸೆ ಇನ್ನೂ ಆ ಗದ್ದಲದಲ್ಲೇ ಕಣ್ಣು ಮುಚ್ಚಿ ನಿಂತಿರುತ್ತಿದ್ದಳು. ಅವಳು ಎಲ್ಲೇ ಇರಲಿ, ಅವಳ ಕೈಯ ಹೊಲಿಗೆ ಬಿಚ್ಚದಿರಲಿ.

ಸೈಟು ಮುಚ್ಚಲಿಲ್ಲ. ಭಾನುವಾರಗಳಂದು ಅವಳು ಒಂದೊಂದೇ ಸದ್ದನ್ನು ಮತ್ತೆ ಹಿಡಿಯುತ್ತಾಳೆ. ಕಂಪ್ಯೂಟರು ಆ ಕೋಣೆಯಲ್ಲಿ, ಮಿಷನ್ನು ಈ ಕೋಣೆಯಲ್ಲಿ. ಈಗ ಅವಳು ಬೆರಳಿನಿಂದಲೂ ಹುಡುಕುತ್ತಾಳೆ, ಓಡುತ್ತಿರುವ ಮಿಷನ್ನಿನ ಬೆನ್ನ ಮೇಲೆ ಅಂಗೈ ಇಟ್ಟುಕೊಂಡು. ಎಲ್ಲಿ ಕೈ ಇಟ್ಟರೆ ಯಾವ ನಡುಕ ಸಿಗುತ್ತದೆ ಅಂತ ಸೈಟಿನಲ್ಲಿ ಹೊಸದಾಗಿ ಬರೆಯುತ್ತಿದ್ದಾಳೆ. ಕಿವಿಯ ಕೆಲಸ ನನಗೆ. ಪ್ರತಿಯೊಂದು ಸದ್ದಿನ ಕೆಳಗೆ "ಇದನ್ನು ನನ್ನ ಅತ್ತೆ ಕೇಳಿ ಒಪ್ಪಿದ್ದಾರೆ" ಅಂತ ಹಾಕುತ್ತಾಳೆ.

ಮೊನ್ನೆ ಒಳ್ಳೆಯ ಮಿಷನ್ನಿನ ಸದ್ದನ್ನು ಹಿಡಿದೆವು. ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಂಡಿದ್ದಳು ಅದನ್ನು. ಹಿಡಿದು, ಜೋರಾಗಿ ಹಾಕಿ, ನನ್ನ ಎದುರು ಮಂಡಿಯೂರಿ ಕೂತಳು.

"ಏನಾದ್ರೂ ಇದೆಯಾ?"

"ಏನೂ ಇಲ್ಲ."

"ಸಣ್ಣಗೂ ಇಲ್ವಾ?"

"ಸಣ್ಣಗೂ ಇಲ್ಲ."

"ನನಗೆ ಬೇಜಾರಾಗುತ್ತೆ ಅಂತ ಸುಮ್ನೆ ಹೇಳ್ತಿಲ್ಲ ತಾನೇ ಅತ್ತೆ?"

"ಹುಚ್ಚಿ" ಅಂದೆ. "ಸೊಸೆ ಕೆಲಸದಲ್ಲಿ ತಪ್ಪು ಸಿಕ್ಕಿದ್ರೆ ಅತ್ತೆಯಾದೋಳು ಬಿಡ್ತಾಳೇನೇ?"

ಅವಳು ಬಾಯ್ತುಂಬ ನಕ್ಕು, ಎದ್ದು ಹೋಗಿ ಅದನ್ನು ಸೈಟಿಗೆ ಹಾಕಿದಳು.